ನೆಬೋ ಬೆಟ್ಟದ ಪಾಠ

ಕಳೆದ ತಿಂಗಳ ಒಂದು ಭಾನುವಾರ, ಬೆಳಗಿನ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಐದಾರು ಕುಟುಂಬಗಳವರು ಗುರುನಿವಾಸಕ್ಕೆ ಬಂದರು. ಅವರ ಕೈಯಲ್ಲಿ ಪ್ರವಾಸ ಸಂಸ್ಥೆಯೊಂದು ಅಚ್ಚು ಹಾಕಿಸಿದ ಬಣ್ಣದ ಪತ್ರವಿತ್ತು. ಒಂಬತ್ತು ದಿನಗಳಲ್ಲಿ ಮೂರು ದೇಶಗಳು. ಅವುಗಳಲ್ಲಿ ಜೋರ್ಡನ್ ದೇಶಕ್ಕೆ ಮೀಸಲಾಗಿದ್ದುದು ಕೇವಲ ಒಂದೂವರೆ ದಿನ. ಆ ಅವಧಿಯಲ್ಲೇ ನೆಬೋ ಬೆಟ್ಟ, ಮದಬಾ, ಪೆಟ್ರಾ, ಜೆರಾಶ್, ಮೃತ ಸಮುದ್ರ ಮತ್ತು ಪ್ರಭು ಯೇಸು ಸ್ನಾನದೀಕ್ಷೆ ಪಡೆದ ನದೀತೀರ ಇಷ್ಟೂ ಸೇರಿದ್ದವು. “ಫಾದರ್, ನೀವೂ ನಮ್ಮೊಂದಿಗೆ ಬರಬೇಕು. ಇಷ್ಟು ದುಡ್ಡಿಗೆ ಇಷ್ಟೊಂದು ಜಾಗಗಳನ್ನು ಇನ್ಯಾರೂ ತೋರಿಸುವುದಿಲ್ಲ” ಎಂದು ಅವರಲ್ಲೊಬ್ಬರು ಒತ್ತಾಯಿಸಿದರು. ಅವರೊಂದಿಗೆ ಬಂದಿದ್ದ ವೃದ್ಧ ತಾಯಿಯೊಬ್ಬರು ಮಾತ್ರ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. “ನಿಮಗೆ ಏನು ನೋಡಬೇಕಮ್ಮಾ?” ಎಂದು ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: “ನನಗೆ ಊರೂರು ಸುತ್ತೋದು ಬೇಡ ಸ್ವಾಮಿ. ಆ ಹೊಳೆ ದಡದಲ್ಲಿ ಒಂದು ಗಳಿಗೆ ಕೂತು ಜಪಸರ ಹೇಳಿದರೆ ಸಾಕು.”

ಉತ್ತರ ಹೇಳಲು ನಾವು ಕೆಲವು ದಿನಗಳ ಅವಕಾಶ ಕೇಳಿದೆವು. ಇಂಥ ಬಣ್ಣದ ಪತ್ರಗಳು ಇಂದು ಅನೇಕ ಮನೆಗಳ ಮೇಜಿನ ಮೇಲಿರುವುದರಿಂದ ಆ ಉತ್ತರವನ್ನು ಈ ಅಂಕಣದಲ್ಲಿಯೇ ಬರೆಯುವುದು ಉಚಿತವೆಂದು ನಮಗೆ ತೋರಿತು. ಆ ನಾಡನ್ನು ನಾವು ಓದಿ ತಿಳಿದವರೇ ಹೊರತು ಕಣ್ಣಾರೆ ಕಂಡವರಲ್ಲ. ಆದರೆ ಯಾತ್ರೆಯ ಯೋಜನೆಯೆಂಬುದು ಹೋಗುವ ಮುನ್ನ ಮಾಡುವ ಕೆಲಸವಷ್ಟೆ. ಅದಕ್ಕೆ ಓದು ಮತ್ತು ಆಲೋಚನೆಗಳೇ ಆಧಾರ.

ಮೊದಲು ಲೆಕ್ಕವನ್ನು ನೋಡೋಣ. ಜೋರ್ಡನ್ನಿನ ಮುಕ್ಕಾಲು ಪಾಲು ಮರುಭೂಮಿ. ರಾಜಧಾನಿ ಅಮ್ಮಾನಿನಿಂದ ಪೆಟ್ರಾಕ್ಕೆ ಸುಮಾರು 230 ಕಿಲೋಮೀಟರ್. ಮರುಭೂಮಿಯ ಹೆದ್ದಾರಿಯಲ್ಲಿ ಹೋದರೂ ಮೂರು ಗಂಟೆ ಬೇಕು. ಜೆರಾಶ್ ಇರುವುದಾದರೋ ಅಮ್ಮಾನಿನ ಉತ್ತರಕ್ಕೆ. ಇವೆರಡನ್ನೂ ಒಂದೂವರೆ ದಿನದಲ್ಲಿ ಮುಟ್ಟಿ ಬರುವವನು ನೋಡುವುದು ಬಸ್ಸಿನ ಕಿಟಕಿಯನ್ನೇ. ಪೆಟ್ರಾದ ಟಿಕೆಟ್ಟಿನ ದರವೇ ಈ ಅವಸರಕ್ಕೆ ದಂಡ ವಿಧಿಸುವಂತಿದೆ. ಇತ್ತೀಚಿನ ವರ್ಷಗಳ ದರದಂತೆ, ಆ ದೇಶದಲ್ಲಿ ರಾತ್ರಿ ತಂಗುವ ವಿದೇಶೀಯರಿಗೆ ಒಂದು ದಿನಕ್ಕೆ 50 ದಿನಾರ್. ತಂಗದೆ ಅಂದೇ ಗಡಿ ದಾಟುವವರಿಗೆ 90 ದಿನಾರ್. ಎರಡನೆಯ ದಿನವೂ ನೋಡುವೆನೆಂದರೆ ಹೆಚ್ಚಿಗೆ ಕೊಡಬೇಕಾದದ್ದು ಐದೇ ದಿನಾರ್. ಮುಂಚಿತವಾಗಿ ‘ಜೋರ್ಡನ್ ಪಾಸ್’ ಕೊಂಡು ಕನಿಷ್ಠ ಮೂರು ರಾತ್ರಿ ಉಳಿಯುವವರಿಗೆ ವೀಸಾ ಶುಲ್ಕದಲ್ಲೂ ವಿನಾಯಿತಿ ಉಂಟು. ದರಗಳು ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಆದರೆ ನಿಧಾನವಾಗಿ ನೋಡಿರಿ ಎಂಬ ಅದರ ಇಂಗಿತ ಸ್ಪಷ್ಟವಾಗಿದೆ.

ನಿಧಾನಿಸಿ ನೋಡಬೇಕಾದದ್ದಾದರೂ ಏನು? ಪೆಟ್ರಾ ಎಂದರೆ ಗ್ರೀಕ್ ಭಾಷೆಯಲ್ಲಿ ಬಂಡೆ. ಸಂತ ಪೇತ್ರರ ಹೆಸರೂ ಅದೇ ಮೂಲದ್ದು. ನಬಾಟಿಯನ್ನರೆಂಬ ಅರಬ್ ಜನರ ರಾಜಧಾನಿ ಅದು. ‘ಸಿಕ್’ ಎಂದು ಕರೆಯಲಾಗುವ 1.2 ಕಿಲೋಮೀಟರ್ ಉದ್ದದ ಇಕ್ಕಟ್ಟಾದ ಕಂದರದಲ್ಲಿ ನಡೆದು ಹೋದರೆ, ಕೊನೆಯ ತಿರುವಿನಲ್ಲಿ ಸುಮಾರು 40 ಮೀಟರ್ ಎತ್ತರದ, ಇಡೀ ಬೆಟ್ಟದ ಮೈಯನ್ನೇ ಕೊರೆದು ಮಾಡಿದ ‘ಖಜ್ನೆ’ ಎದುರು ನಿಲ್ಲುತ್ತದೆ. ಖಜ್ನೆ ಎಂದರೆ ಖಜಾನೆ. ಅದರ ಮೇಲ್ಭಾಗದ ಕಲ್ಲಿನ ಕಲಶದೊಳಗೆ ಚಿನ್ನವಿದೆಯೆಂದು ನಂಬಿದ ಜನ ಬಂದೂಕಿನಿಂದ ಗುಂಡು ಹಾರಿಸಿದ ಗುರುತುಗಳು ಇಂದಿಗೂ ಅಲ್ಲಿವೆ. ಕಲಶವಾದರೋ ಗಟ್ಟಿ ಕಲ್ಲು. ಆ ಕಟ್ಟಡ ಖಜಾನೆಯಲ್ಲ, ಸಮಾಧಿ. ಮನುಷ್ಯನ ಆಸೆಯು ಸಮಾಧಿಯನ್ನೂ ಖಜಾನೆಯೆಂದೇ ಓದುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕೇ?

ಆದರೆ ನಬಾಟಿಯನ್ನರ ನಿಜವಾದ ಜಾಣ್ಮೆ ಇದ್ದದ್ದು ನೀರಿನ ನಿರ್ವಹಣೆಯಲ್ಲಿ. ಮಳೆ ಅಪರೂಪವಾದ ಆ ಬೆಟ್ಟಗಳಲ್ಲಿ ಅವರು ಕಾಲುವೆ, ಮಣ್ಣಿನ ಕೊಳವೆ, ತೊಟ್ಟಿಗಳನ್ನು ನಿರ್ಮಿಸಿ ಹನಿಹನಿಯನ್ನೂ ಕೂಡಿಟ್ಟರು. ಸಿಕ್ಕಿನ ಬಾಯಿಗೆ ಅಣೆಕಟ್ಟು ಕಟ್ಟಿ, ಬೆಟ್ಟದಲ್ಲಿ ಸುರಂಗ ಕೊರೆದು ಪ್ರವಾಹವನ್ನು ಬೇರೆಡೆಗೆ ತಿರುಗಿಸಿದರು. ಕಾಲಕ್ರಮದಲ್ಲಿ ಆ ಅಣೆಕಟ್ಟು ಹಾಳಾಯಿತು. 1963ರ ಏಪ್ರಿಲ್‌ನಲ್ಲಿ ಫ್ರಾನ್ಸಿನಿಂದ ಬಂದಿದ್ದ ತಂಡವೊಂದು ಸಿಕ್ಕಿನೊಳಗಿದ್ದಾಗ ಹಠಾತ್ತನೆ ನೀರು ನುಗ್ಗಿ 20ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಮಡಿದವರಲ್ಲಿ ಬೈಬಲ್ ವಿದ್ವಾಂಸರಾಗಿದ್ದ ಗುರು ಜಾಂ ಸ್ಟೈನ್‌ಮಾನ್ ಅವರೂ ಒಬ್ಬರು. ಆ ದುರಂತದ ನಂತರ ನಬಾಟಿಯನ್ನರ ಅಣೆಕಟ್ಟಿನ ಜಾಗದಲ್ಲೇ ಹೊಸ ಅಣೆಕಟ್ಟು ಎದ್ದಿತು. ಅವರ ಹಳೆಯ ಸುರಂಗ ಮತ್ತೆ ಬಳಕೆಗೆ ಬಂತು. ಆದರೂ 2018ರ ನವೆಂಬರ್‌ನ ಪ್ರವಾಹದಲ್ಲಿ ಸಾವಿರಾರು ಪ್ರವಾಸಿಗರನ್ನು ಪೆಟ್ರಾದಿಂದ ತುರ್ತಾಗಿ ತೆರವುಗೊಳಿಸಬೇಕಾಯಿತು. ಗುಂಪನ್ನು ಕರೆದೊಯ್ಯುವ ಯಾವ ಗುರುವಿಗೂ ಇದು ಎಚ್ಚರಿಕೆ. ಮಳೆಯ ಮುನ್ಸೂಚನೆಯಿದ್ದ ದಿನ ಕಂದರದೊಳಗೆ ಕಾಲಿಡಬಾರದು. ಮರುದಿನಕ್ಕೆ ಕಾಯುವ ಅವಕಾಶ ಯೋಜನೆಯಲ್ಲಿ ಇರಬೇಕು. ಒಂದೂವರೆ ದಿನದ ಪತ್ರದಲ್ಲಿ ‘ಮರುದಿನ’ ಎಂಬುದೇ ಇಲ್ಲ.

ಇನ್ನೊಂದು ಮಾತನ್ನು ಪ್ರಬೋಧಕರಾದ ನಾವೇ ನಮಗೆ ಹೇಳಿಕೊಳ್ಳಬೇಕಾಗಿದೆ. ಪಾಳುಬಿದ್ದ ನಗರವನ್ನು ಕಂಡೊಡನೆ “ನೋಡಿರಿ, ದೇವರ ಶಿಕ್ಷೆ” ಎನ್ನುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಬಂಡೆಯ ಬಿರುಕುಗಳಲ್ಲಿ ವಾಸಿಸಿ ಗರ್ವಪಟ್ಟ ಎದೋಮ್ಯರನ್ನು ಓಬದ್ಯ ಪ್ರವಾದಿ ಖಂಡಿಸಿದ್ದುಂಟು. ಆದರೆ ಈ ಶಿಲಾಮುಖಗಳನ್ನು ಕೆತ್ತಿದವರು ಅವರಲ್ಲ, ಅನಂತರದ ನಬಾಟಿಯನ್ನರು. ಕ್ರಿ.ಶ. 106ರಲ್ಲಿ ಅವರ ರಾಜ್ಯ ರೋಮಿನ ವಶವಾಯಿತು. ಮಲಬಾರ್ ತೀರದ ಮೆಣಸು ಮುಂಗಾರು ಗಾಳಿಯ ನೆರವಿನಿಂದ ಹಡಗುಗಳಲ್ಲಿ ನೇರವಾಗಿ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಗೆ ಹೋಗತೊಡಗಿದಂತೆ ಒಂಟೆಗಳ ಹಾದಿಯ ವ್ಯಾಪಾರ ಸೊರಗಿತು. 363ರಲ್ಲಿ ಭೂಕಂಪ ನಗರವನ್ನು ನಡುಗಿಸಿತು. ಅಷ್ಟಾದರೂ ಬದುಕು ಅಲ್ಲಿ ನಿಲ್ಲಲಿಲ್ಲ. 446ರಲ್ಲಿ ಜೇಸನ್ ಎಂಬ ಧರ್ಮಾಧ್ಯಕ್ಷರು ಅಲ್ಲಿನ ದೊಡ್ಡ ಸಮಾಧಿಯೊಂದನ್ನು ದೇವಾಲಯವಾಗಿ ಪ್ರತಿಷ್ಠಾಪಿಸಿದರೆಂದು ಅದರೊಳಗಿನ ಗ್ರೀಕ್ ಬರಹವೇ ಸಾಕ್ಷಿ ನುಡಿಯುತ್ತದೆ. 1993ರಲ್ಲಿ ಮತ್ತೊಂದು ದೇವಾಲಯದ ಅವಶೇಷಗಳ ನಡುವೆ ಸುಟ್ಟು ಕರಕಲಾದ ಸುಮಾರು 140 ಪಪೈರಸ್ ಸುರುಳಿಗಳು ದೊರೆತವು. ಆರನೆಯ ಶತಮಾನದ ಆ ಬರಹಗಳಲ್ಲಿ ಇರುವುದೇನು? ಆಸ್ತಿ ಹಂಚಿಕೆ, ಮದುವೆಯ ವರದಕ್ಷಿಣೆ, ತೆರಿಗೆ, ಜಮೀನಿನ ಕ್ರಯ, ನೆರೆಹೊರೆಯ ವ್ಯಾಜ್ಯ! ನಮ್ಮ ನಿಮ್ಮ ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಕಾಗದಗಳೇ ಅವು. ಆ ಜನ ನಮಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲ. ಇರುವುದೆಲ್ಲವೂ ಇರಲೇಬೇಕಾದದ್ದಲ್ಲ ಎಂದು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಸಂತ ಅಕ್ವಿನಾಸರ ತರ್ಕವನ್ನು ಕಲಿತದ್ದು ನಮಗೆ ನೆನಪಾಗುತ್ತದೆ. ಪಾಳುಗಲ್ಲುಗಳು ಬೋಧಿಸುವುದು ಈ ವಿನಯವನ್ನೇ, ಪರರ ಮೇಲಿನ ತೀರ್ಪನ್ನಲ್ಲ.

ಅವಶೇಷಗಳ ನಡುವೆ ಇಂದು ಬದುಕುತ್ತಿರುವ ಜನರ ವಿಚಾರ ಇನ್ನೂ ಮುಖ್ಯವಾದದ್ದು. ಪೆಟ್ರಾದ ಗುಹೆಗಳಲ್ಲಿ ವಾಸವಾಗಿದ್ದ ಬ್ದೂಲ್ ಬುಡಕಟ್ಟಿನವರನ್ನು 1985ರಲ್ಲಿ ಸಮೀಪದ ಉಮ್ಮ್ ಸೈಹೂನ್ ಗ್ರಾಮಕ್ಕೆ ಸ್ಥಳಾಂತರಿಸಲಾಯಿತು. ಪೆಟ್ರಾ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಜಗತ್ತಿಗೆ ಪರಂಪರೆಯಾದ ತಾಣ ಅವರಿಗೆ ಮನೆಯಾಗಿತ್ತು ಎಂಬುದನ್ನು ಯಾತ್ರಿಕನು ಮರೆಯಬಾರದು. ಅಲ್ಲಿ ಪುಟ್ಟ ಮಕ್ಕಳು ಚಿತ್ರಪತ್ರಗಳನ್ನು ಮಾರಲು ಬರುತ್ತಾರೆ. ಕನಿಕರದಿಂದ ಕೊಂಡರೆ ಆ ಮಗು ನಾಳೆಯೂ ಶಾಲೆ ತಪ್ಪಿಸುತ್ತದೆ. ಆದ್ದರಿಂದಲೇ ಮಕ್ಕಳಿಂದ ಏನನ್ನೂ ಕೊಳ್ಳಬೇಡಿರೆಂಬ ಕೋರಿಕೆಯ ಫಲಕಗಳನ್ನು ಅಲ್ಲಿ ಹಾಕಿದ್ದಾರೆ. ದೊಡ್ಡವರ ಅಂಗಡಿಯಲ್ಲಿ ಕೊಳ್ಳಿರಿ, ಸ್ಥಳೀಯ ಮಾರ್ಗದರ್ಶಿಗೆ ನ್ಯಾಯವಾದ ಕೂಲಿ ಕೊಡಿರಿ, ಸ್ಥಳೀಯರು ನಡೆಸುವ ಹೋಟೆಲಿನಲ್ಲಿ ಉಣ್ಣಿರಿ. 2023ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧ ಆರಂಭವಾದ ಬಳಿಕ ಪೆಟ್ರಾಕ್ಕೆ ಬರುವವರ ಸಂಖ್ಯೆ ತೀವ್ರವಾಗಿ ಕುಸಿದು ಅನೇಕ ಹೋಟೆಲುಗಳು ಬಾಗಿಲು ಮುಚ್ಚಿದವು. ಹೊರಡುವ ಮುನ್ನ ನಮ್ಮ ಸರ್ಕಾರದ ಪ್ರಯಾಣ ಸೂಚನೆಗಳನ್ನು ನೋಡಿಕೊಳ್ಳುವುದು ಕರ್ತವ್ಯವಾದಂತೆ, ಅಲ್ಲಿನವರ ಅನ್ನದ ಬಗ್ಗೆ ಯೋಚಿಸುವುದೂ ಕರ್ತವ್ಯ.

ಅಲ್ಲಿ ನಮ್ಮ ವಿಶ್ವಾಸದ ಬಂಧುಗಳೂ ಇದ್ದಾರೆ. ಮದಬಾ ಪಟ್ಟಣದ ಸಂತ ಜಾರ್ಜರ ಆರ್ಥೊಡಾಕ್ಸ್ ದೇವಾಲಯದ ನೆಲದಲ್ಲಿ ಆರನೆಯ ಶತಮಾನದ ಬಣ್ಣಗಲ್ಲುಗಳ ಭೂಪಟವಿದೆ. ಅದರಲ್ಲಿ ಜೋರ್ಡನ್ ನದಿಯ ಮೀನೊಂದು ಮೃತ ಸಮುದ್ರದ ಉಪ್ಪುನೀರಿಗೆ ಹೆದರಿ ಹಿಂತಿರುಗಿ ಈಜುತ್ತಿದೆ! ಆ ಮೀನನ್ನು ನೋಡಲು ಬರುವವರು ಅನೇಕರು. ಆದರೆ ಅದೇ ಊರಿನ ಕ್ರೈಸ್ತರೊಂದಿಗೆ ಭಾನುವಾರದ ಪೂಜೆಯಲ್ಲಿ ನಿಲ್ಲುವವರು ವಿರಳ. 2014ರಲ್ಲಿ ಇರಾಕಿನ ಮೊಸುಲ್‌ನಿಂದ ಓಡಿಬಂದ ಕ್ರೈಸ್ತ ಕುಟುಂಬಗಳಿಗೆ ಜೋರ್ಡನ್ನಿನ ಧರ್ಮಕೇಂದ್ರಗಳ ಸಭಾಂಗಣಗಳು ಮನೆಯಾದವು. ಅರಬ್ಬೀ ಭಾಷೆಯ ಬಲಿಪೂಜೆ ನಮಗೆ ಅರ್ಥವಾಗದಿರಬಹುದು, ಆದರೆ ಅದರ ಕ್ರಮ ಗೊತ್ತಿದೆ. ಶಾಂತಿಯ ವಂದನೆಗೆ ಭಾಷೆ ಬೇಡ.

ಇನ್ನು ಆ ತಾಯಿ ಹಂಬಲಿಸಿದ ನದೀತೀರ. ಜೋರ್ಡನ್ ನದಿಯೆಂದರೆ ಕಾವೇರಿಯಂಥ ಹೊಳೆಯನ್ನು ಊಹಿಸಿಕೊಂಡು ಹೋದವರಿಗೆ ನಿರಾಸೆಯಾದೀತು. ಮೇಲ್ಭಾಗದ ದೇಶಗಳೆಲ್ಲ ನೀರನ್ನು ತಿರುಗಿಸಿಕೊಂಡಿರುವುದರಿಂದ ಅಲ್ಲಿ ಅದು ಕೆಲವೇ ಮೀಟರ್ ಅಗಲದ, ಕದಡಿದ ನೀರಿನ ತೊರೆ. ಈ ಗಡಿಪ್ರದೇಶದಲ್ಲಿ ಬಹುಕಾಲ ನೆಲಬಾಂಬುಗಳು ಹೂತಿದ್ದವು. 1994ರ ಜೋರ್ಡನ್-ಇಸ್ರೇಲ್ ಶಾಂತಿ ಒಪ್ಪಂದದ ನಂತರವೇ ಅವುಗಳನ್ನು ತೆಗೆದು ಉತ್ಖನನ ನಡೆಸಲು ಸಾಧ್ಯವಾಯಿತು. 2015ರಲ್ಲಿ ಈ ತಾಣ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು; 2025ರ ಜನವರಿಯಲ್ಲಿ ಅಲ್ಲಿನ ಕಥೋಲಿಕ ದೇವಾಲಯವು ಕಾರ್ಡಿನಲ್ ಪರೋಲಿನ್ ಅವರಿಂದ ಪ್ರತಿಷ್ಠಾಪಿತವಾಯಿತು. ಸೊರಗಿದ ನದಿ, ತೆಗೆದ ಬಾಂಬುಗಳು, ಮತ್ತೆ ಎದ್ದ ದೇವಾಲಯ ಈ ಮೂರನ್ನೂ ಮನಸ್ಸಿಗೆ ತಂದುಕೊಳ್ಳಲು ಇಪ್ಪತ್ತು ನಿಮಿಷ ಸಾಲದು. ಪತ್ರದಲ್ಲಿ ಕೊಟ್ಟಿದ್ದುದು ಮಾತ್ರ ಇಪ್ಪತ್ತೇ ನಿಮಿಷ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಮೂರು ದೇಶ ಬೇಡ, ಒಂದೇ ಇರಲಿ. ಆರು ದಿನಗಳಿದ್ದರೆ ಒಂದು ದಿನ ಮದಬಾ ಮತ್ತು ನೆಬೋ, ಒಂದು ದಿನ ನದೀತೀರ, ಎರಡು ದಿನ ಪೆಟ್ರಾ, ಒಂದು ದಿನ ಪ್ರಯಾಣ, ಒಂದು ದಿನ ವಿಶ್ರಾಂತಿಗೆ ಮತ್ತು ಅನಿರೀಕ್ಷಿತಕ್ಕೆ. ಜೆರಾಶಿನ ರೋಮನ್ ಕಂಬಗಳು ಅದ್ಭುತವೇ, ಆದರೂ ಬಿಡೋಣ. ಬೇಸಿಗೆಯ ಬಿಸಿಲನ್ನು ತಪ್ಪಿಸಿ ವಸಂತದಲ್ಲೋ ಅಕ್ಟೋಬರಿನಲ್ಲೋ ಹೋಗೋಣ. ಸಾಲ ಮಾಡಿ, ಒಡವೆ ಅಡವಿಟ್ಟು ಯಾರೂ ಬರಬೇಕಾಗಿಲ್ಲ. ಪುಣ್ಯಕ್ಷೇತ್ರ ಯಾತ್ರೆಯನ್ನು ಧರ್ಮಸಭೆ ಯಾರ ಮೇಲೂ ಕಡ್ಡಾಯ ಮಾಡಿಲ್ಲ. ಹೊರಡುವ ಮುನ್ನ ನಾಲ್ಕು ಸಂಜೆ ಸಭಾಂಗಣದಲ್ಲಿ ಸೇರಿ ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯವನ್ನೂ ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯವನ್ನೂ ಓದೋಣ. ಬರಲಾಗದವರೂ ಆ ಸಂಜೆಗಳಿಗೆ ಬರಲಿ; ಅರ್ಧ ಯಾತ್ರೆ ಅಲ್ಲಿಯೇ ಆಗಿಹೋಗುತ್ತದೆ.

ಎಲ್ಲವನ್ನೂ ನೋಡದೆ ಹೇಗೆ ಹಿಂತಿರುಗುವುದು ಎಂದು ಕೇಳುವವರಿಗೆ ನೆಬೋ ಬೆಟ್ಟವೇ ಉತ್ತರ. ನಲವತ್ತು ವರ್ಷ ಮರುಭೂಮಿಯಲ್ಲಿ ಜನರನ್ನು ನಡೆಸಿದ ಮೋಶೆ ಆ ಬೆಟ್ಟದ ಮೇಲೆ ನಿಂತು ವಾಗ್ದತ್ತ ನಾಡನ್ನು ದೂರದಿಂದ ನೋಡಿದರು, ಪ್ರವೇಶಿಸಲಿಲ್ಲ. ಅವರ ಯಾತ್ರೆಯನ್ನು ಅಪೂರ್ಣವೆಂದು ಪವಿತ್ರ ಗ್ರಂಥ ಹೀಗಳೆಯುವುದಿಲ್ಲ. 1933ರಿಂದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಉತ್ಖನನ ನಡೆಸಿ ಕಾಪಾಡಿಕೊಂಡು ಬಂದಿರುವ ಆ ಶಿಖರದಲ್ಲಿ 2000ದ ಮಾರ್ಚ್‌ನಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು, ವಯೋಭಾರದಿಂದ ಬಾಗಿದ ದೇಹದೊಂದಿಗೆ ನಿಂತು ಅದೇ ಕಣಿವೆಯನ್ನು ನೋಡಿದರು. ನೋಡಿ ತೃಪ್ತರಾಗುವುದು, ಮಿಕ್ಕದ್ದನ್ನು ದೇವರಿಗೆ ಬಿಡುವುದು ಯಾತ್ರಿಕನಿಗೆ ಒಗ್ಗುವ ಗುಣ.

ಈ ಉತ್ತರವನ್ನು ಕೇಳಿ ಒಂದಿಬ್ಬರ ಮುಖ ಬಾಡಿತು. ಎರಡು ಕುಟುಂಬಗಳವರು ಬಣ್ಣದ ಪತ್ರದ ಪ್ರವಾಸಕ್ಕೇ ಹೋಗುವುದಾಗಿ ಹೇಳಿದ್ದಾರೆ. ಅವರಿಗೂ ನಮ್ಮ ಆಶೀರ್ವಾದವಿದೆ. ಉಳಿದವರು ಮೊದಲ ಸಂಜೆಯ ಓದಿಗೆ ಬಂದರು. ಆ ವೃದ್ಧ ತಾಯಿ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ನದೀತೀರಕ್ಕೆಂದೇ ಒಂದು ಇಡೀ ದಿನವನ್ನು ಇರಿಸಿದ್ದೇವೆಂದು ತಿಳಿಸಿದಾಗ ಆಕೆ ಏನನ್ನೂ ಹೇಳಲಿಲ್ಲ. ಸೆರಗಿನ ಗಂಟಿನಿಂದ ಜಪಸರವನ್ನು ತೆಗೆದು ಒಮ್ಮೆ ಕಣ್ಣಿಗೊತ್ತಿಕೊಂಡರು.