ಚೀಲ ನೇರಳೆ, ಮಾತ್ರೆ ಮಾತ್ರ ಅದೇ!

ಹಾಸಿಗೆ ಹಿಡಿದ ಅಜ್ಜಿಗೆ ಕ್ಯಾಥೆಟರ್ ಅನ್ನೋ ಮೂತ್ರದ ಪೈಪು ಹಾಕಿದ್ದಾರೆ. ಬೆಳಗ್ಗೆ ಎದ್ದು ನೋಡಿದರೆ ಚೀಲಕ್ಕೆ ನೇರಳೆಹಣ್ಣಿನ ಬಣ್ಣ! ಒಬ್ಬರು ಮಾಟ ಅಂತಾರೆ, ಇನ್ನೊಬ್ಬರು ಕಿಡ್ನಿ ಹೋಯ್ತು ಅಂತಾರೆ. ಮಾಟವೂ ಇಲ್ಲ ಮಣ್ಣೂ ಇಲ್ಲ ಸ್ವಾಮಿ. ಪೈಪಿನೊಳಗೆ ಬೀಡುಬಿಟ್ಟ ಪ್ರಾವಿಡೆನ್ಸಿಯಾ, ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾಗಳು ಮೂತ್ರದಲ್ಲಿ ನೀಲಿ, ಕೆಂಪು ಬಣ್ಣ ಹುಟ್ಟಿಸುತ್ತವೆ. ಎರಡೂ ಬೆರೆತು ನೇರಳೆ. ಮಲಬದ್ಧತೆ ಇರುವ ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಬರೀ ಬಣ್ಣದಿಂದ ಯಾರೂ ಸಾಯಲ್ಲ.

ಅಪಾಯ ಇರುವುದು ಮುಂದೆ. ಅಜ್ಜಿಗೆ ಜ್ವರ ಬಂತು ಅಂತ ಮೊಮ್ಮಗ ಮೆಡಿಕಲ್ ಶಾಪಿಗೆ ಓಡ್ತಾನೆ. "ಉರಿಮೂತ್ರಕ್ಕೆ ಏನಾದ್ರೂ ಕೊಡಿ ಅಣ್ಣಾ." ಅಣ್ಣ ಎಲ್ಲರಿಗೂ ಕೊಡುವ ನೈಟ್ರೋಫ್ಯುರಾಂಟೊಯಿನ್ ಕೊಡ್ತಾನೆ. ಸಾಮಾನ್ಯ ಉರಿಮೂತ್ರಕ್ಕೆ ಅದು ಒಳ್ಳೆ ಔಷಧಿಯೇ. ಆದರೆ ಪ್ರೋಟಿಯಸ್, ಪ್ರಾವಿಡೆನ್ಸಿಯಾ, ಮಾರ್ಗನೆಲ್ಲಾ ಈ ಮೂರಕ್ಕೂ ಅದು ನಾಟುವುದೇ ಇಲ್ಲ. ಕೊನೆಯ ಅಸ್ತ್ರ ಅಂತ ದೊಡ್ಡಾಸ್ಪತ್ರೆಗಳು ಇಟ್ಟುಕೊಂಡಿರುವ ಕೊಲಿಸ್ಟಿನ್ ಕೂಡ ಇವಕ್ಕೆ ನಾಟದು!

ಯಾವ ಕ್ರಿಮಿ ಅಂತ ತಿಳಿಯಲು ಕಲ್ಚರ್ ಮಾಡಿಸಬೇಕು. ಅಲ್ಲೂ ಒಂದು ಎಡವಟ್ಟು. ರಾತ್ರಿಯೆಲ್ಲ ಚೀಲದಲ್ಲಿ ನಿಂತ ಮೂತ್ರವನ್ನೇ ಡಬ್ಬಿಗೆ ಬಗ್ಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಅದರಲ್ಲಿ ಊರ ಕ್ರಿಮಿಯೆಲ್ಲ ಸಿಗುತ್ತೆ, ಕಾಯಿಲೆ ತಂದದ್ದು ಯಾವುದೋ! ಪೈಪು ಹಾಕಿ ಎರಡು ವಾರ ದಾಟಿದ್ದರೆ ಅದನ್ನು ತೆಗೆಸಿ, ಇನ್ನೂ ಬೇಕೇ ಬೇಕೆಂದರೆ ಹೊಸದು ಹಾಕಿಸಿ, ಅದರಿಂದ ಮಾದರಿ ತೆಗೆಯಬೇಕು. ಹಳೇ ಪೈಪಿಗೆ ಪಾಚಿ ಹಾಗೆ ಅಂಟಿದ ಕ್ರಿಮಿಯನ್ನು ಔಷಧಿ ಕೊಲ್ಲುವುದು ಕಷ್ಟ. ಪ್ರೋಟಿಯಸ್ ಅಂತೂ ಲವಣ ಗಟ್ಟಿಯಾಗಿಸಿ ಪೈಪನ್ನೇ ಕಟ್ಟಿಸಿಬಿಡುತ್ತೆ.

ಹಾಗಂತ ರಿಪೋರ್ಟ್ ನೋಡಿ ಹೌಹಾರಬೇಡಿ. ಪೈಪು ತಿಂಗಳಿದ್ದರೆ ಹೆಚ್ಚುಕಮ್ಮಿ ಎಲ್ಲರ ಮೂತ್ರದಲ್ಲೂ ಕ್ರಿಮಿ ಇದ್ದೇ ಇರುತ್ತೆ. ಜ್ವರ, ಚಳಿ, ಸೊಂಟದ ಪಕ್ಕೆನೋವು, ಇದ್ದಕ್ಕಿದ್ದಂತೆ ಮಂಪರು ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಔಷಧಿ ಬೇಡ. ಇದ್ದರೆ ತಡಮಾಡದೆ ಆಸ್ಪತ್ರೆಗೆ. ಮಾದರಿ ತೆಗೆದ ಕೂಡಲೇ ಡಾಕ್ಟರು ಔಷಧಿ ಶುರುಮಾಡಿ, ರಿಪೋರ್ಟ್ ಬಂದ ಮೇಲೆ ಬೇಕಾದರೆ ಬದಲಿಸುತ್ತಾರೆ. ಬೇಗ ಗುಣ ಕಂಡರೆ ಸಾಮಾನ್ಯವಾಗಿ 7 ದಿನ, ನಿಧಾನವಾದರೆ 10ರಿಂದ 14.

ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರಬಾರದು ಅಂತ ಕಾನೂನಿದೆ. ಮಾತ್ರೆ ಪಟ್ಟಿಯ ಕೆಂಪು ಗೆರೆ ನೋಡಿ ಅಂತ 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರವನ್ನೂ ಮಾಡಿತು. ಅಂಗಡಿ ಅಣ್ಣಂದಿರೇ, ಗೆರೆ ನಿಮಗೂ ಕಾಣುತ್ತದಲ್ಲ? ಇನ್ನು ಆರೋಗ್ಯ ಇಲಾಖೆಯ ಸಾಹೇಬರಿಗೆ ಒಂದು ಮಾತು. ಕಲ್ಚರ್ ಇಲ್ಲದ ತಾಲೂಕು ಆಸ್ಪತ್ರೆಯಿಂದ ಮಾದರಿಯನ್ನು ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಜಿಲ್ಲಾ ಲ್ಯಾಬಿಗೆ ಮುಟ್ಟಿಸಿ. ಹಳ್ಳಿಹಳ್ಳಿಯಿಂದ ಹಾಲು ಕೆಡದೆ ಡೇರಿಗೆ ಬರುತ್ತೆ. ಮೂತ್ರದ ಒಂದು ಡಬ್ಬಿ ಬರಲಾರದೇ?