ಸತ್ಯ ನುಡಿದವನಿಗೇ ದಂಡವಾದರೆ ರೋಗದ ಸುದ್ದಿ ಕೊಡುವವರಾರು?

2021ರ ನವೆಂಬರ್ ತಿಂಗಳಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗದ ವಿಜ್ಞಾನಿಗಳು ಕೊರೋನಾ ವೈರಸ್‌ನ ಹೊಸ ರೂಪಾಂತರವೊಂದನ್ನು ಗುರುತಿಸಿದರು. ದಕ್ಷಿಣ ಆಫ್ರಿಕಾ ನವೆಂಬರ್ 24ರಂದು ಆ ವಿಷಯವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿತು. ಜಗತ್ತು ಅದಕ್ಕೆ ಕೃತಜ್ಞತೆ ಸಲ್ಲಿಸಬೇಕಿತ್ತು. ನಡೆದುದು ಬೇರೆಯೇ. ಮರುದಿನವೇ ಬ್ರಿಟನ್ ಆ ಭಾಗದ ಆರು ದೇಶಗಳ ವಿಮಾನಗಳನ್ನು ತಡೆಯುವುದಾಗಿ ಘೋಷಿಸಿತು. ಯುರೋಪಿನ ದೇಶಗಳೂ ಅಮೆರಿಕವೂ ಅದೇ ದಾರಿ ಹಿಡಿದವು. ಕೆಲವೇ ದಿನಗಳಲ್ಲಿ ನೆದರ್ಲೆಂಡ್ಸ್‌ನಿಂದ ಮತ್ತೊಂದು ಸುದ್ದಿ ಬಂತು. ಒಮಿಕ್ರಾನ್ ಎಂದು ಹೆಸರಾದ ಅದೇ ರೂಪಾಂತರ ಅಲ್ಲಿ ನವೆಂಬರ್ 19ರಂದು ಸಂಗ್ರಹಿಸಿದ ಮಾದರಿಯಲ್ಲಿಯೇ ಇತ್ತು! ಆದರೆ ನೆದರ್ಲೆಂಡ್ಸ್‌ನ ಮುಖಕ್ಕೆ ಬಾಗಿಲು ಮುಚ್ಚಲು ಅಂಥ ಪೈಪೋಟಿ ನಡೆಯಲಿಲ್ಲ. ಮೊದಲು ಕಂಡು ಮೊದಲು ಹೇಳಿದ್ದೇ ದಕ್ಷಿಣ ಆಫ್ರಿಕಾದ ಅಪರಾಧವಾಯಿತು.

ಈ ಅನ್ಯಾಯವನ್ನು ತಡೆಯುವ ನಿಯಮ ಇಲ್ಲವೇ? ಇದೆ. 2005ರಲ್ಲಿ ಪರಿಷ್ಕೃತಗೊಂಡು 2007ರ ಜೂನ್ 15ರಂದು ಜಾರಿಗೆ ಬಂದ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯನ್ನು ಭಾರತವೂ ಒಪ್ಪಿದೆ. ರೋಗವು ಗಂಭೀರವೇ, ಅಸಾಮಾನ್ಯವೇ, ಗಡಿ ದಾಟಿ ಹರಡಬಹುದೇ, ಪ್ರಯಾಣ ಮತ್ತು ವ್ಯಾಪಾರಕ್ಕೆ ತಡೆ ತರಬಹುದೇ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿ ಸರಕಾರವೂ ಕೇಳಿಕೊಳ್ಳಬೇಕು. ಎರಡಕ್ಕೆ 'ಹೌದು' ಎಂಬ ಉತ್ತರ ಬಂದರೆ 24 ಗಂಟೆಗಳೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಸಂಸ್ಥೆಯ ಸಲಹೆಯನ್ನು ಮೀರಿ ಪ್ರಯಾಣಿಕರನ್ನೂ ಸರಕನ್ನೂ ಗಣನೀಯವಾಗಿ ತಡೆಯುವ ದೇಶವು 48 ಗಂಟೆಗಳೊಳಗೆ ತನ್ನ ಕ್ರಮವನ್ನೂ ಅದರ ಕಾರಣವನ್ನೂ ತಿಳಿಸಬೇಕು. ವರದಿ ಮಾಡುವವನ ಮೇಲೂ ಅದನ್ನು ಕೇಳಿಸಿಕೊಳ್ಳುವವನ ಮೇಲೂ ಹೊಣೆಯಿದೆ. ಆದರೆ ಎರಡನೆಯ ಹೊಣೆಯನ್ನು ಮುರಿದವರಿಗೆ ಶಿಕ್ಷೆಯಿಲ್ಲ, ನಷ್ಟಕ್ಕೀಡಾದವರಿಗೆ ಪರಿಹಾರವೂ ಇಲ್ಲ.

ಈ ತಾರತಮ್ಯ ಇಂದು ನಿನ್ನೆಯದಲ್ಲ. 1865ರ ಹಜ್ಜ್ ಸಂದರ್ಭದಲ್ಲಿ ಕಾಲರಾ ಹಬ್ಬಿ ಅಂದಾಜು 15 ಸಾವಿರ ಯಾತ್ರಿಕರು ಅಸುನೀಗಿದರು. ರೋಗವು ಈಜಿಪ್ಟ್ ದಾಟಿ ಯುರೋಪನ್ನು ತಲುಪಿದ ಬಳಿಕ, 1866ರಲ್ಲಿ ಇಸ್ತಾಂಬುಲ್‌ನಲ್ಲಿ ರಾಷ್ಟ್ರಗಳ ಸಮ್ಮೇಳನ ಸೇರಿತು. ಕಾಲರಾದ ಮೂಲ ಭಾರತದಲ್ಲಿದೆ ಎಂದು ಅದು ತೀರ್ಮಾನಿಸಿತು. ಭಾರತವನ್ನು ಆಳುತ್ತಿದ್ದ ಬ್ರಿಟನ್ ದಶಕಗಳ ಕಾಲ ಕ್ವಾರಂಟೈನನ್ನು ವಿರೋಧಿಸುತ್ತಲೇ ಬಂತು, ಏಕೆಂದರೆ ಹಡಗು ನಿಂತರೆ ವ್ಯಾಪಾರ ನಿಲ್ಲುತ್ತಿತ್ತು. 1892ರಲ್ಲಿ ವೆನಿಸ್‌ನಲ್ಲಿ ನಡೆದ ಸಮ್ಮೇಳನ ಸೂಯೆಜ್ ಕಾಲುವೆಯ ಹಡಗುಗಳ ನಿಯಮವನ್ನು ಇತ್ಯರ್ಥಪಡಿಸಿದರೆ, 1894ರ ಪ್ಯಾರಿಸ್ ಸಮ್ಮೇಳನ ಮಕ್ಕಾ ಯಾತ್ರಿಕರನ್ನೇ ಮುಖ್ಯ ವಿಷಯವಾಗಿಸಿತು. ಭಾರತದಿಂದ ಹೊರಟ ಯಾತ್ರಿಕರು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ದಿನಗಟ್ಟಲೆ ತಡೆಹಿಡಿಯಲ್ಪಟ್ಟರು. ರೋಗ ತಡೆಯುವುದು ಅಗತ್ಯವೇ ಆಗಿತ್ತು. ಆದರೆ ಅದರ ಭಾರ ಬಿದ್ದುದು ಯಾರ ಹೆಗಲಿಗೆ ಎಂಬುದನ್ನು ಮರೆಯಲಾಗದು.

ಭಯದ ದಂಡ ಎಷ್ಟು ದುಬಾರಿ ಎಂಬುದನ್ನು ನಮ್ಮ ದೇಶ 1994ರಲ್ಲಿ ಕಂಡಿದೆ. ಆ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸತ್ತವರ ಸಂಖ್ಯೆ ಐವತ್ತರ ಆಸುಪಾಸಿನಲ್ಲಿತ್ತು. ಅಷ್ಟಕ್ಕೇ ಅನೇಕ ದೇಶಗಳು ಭಾರತದ ವಿಮಾನಗಳನ್ನೂ ಸರಕುಗಳನ್ನೂ ತಡೆದವು. ವಿಶ್ವ ಆರೋಗ್ಯ ಸಂಸ್ಥೆ ಅಂಥ ನಿರ್ಬಂಧವನ್ನು ಕೇಳಿರಲಿಲ್ಲ. ಆದರೂ ಪ್ರವಾಸೋದ್ಯಮಕ್ಕೆ ಮತ್ತು ರಫ್ತಿಗೆ ಭಾರೀ ಹೊಡೆತ ಬಿತ್ತು.

ಇಂಥ ಉದಾಹರಣೆ ಕಣ್ಣ ಮುಂದಿರುವಾಗ ಸರಕಾರಗಳು ಮುಚ್ಚಿಡಲು ಕಲಿತರೆ ಆಶ್ಚರ್ಯವೇನು? 2002ರ ನವೆಂಬರ್‌ನಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಸಾರ್ಸ್ ಆರಂಭವಾಯಿತು. ಚೀನಾ ವಿಶ್ವ ಆರೋಗ್ಯ ಸಂಸ್ಥೆಗೆ ಅಧಿಕೃತವಾಗಿ ತಿಳಿಸಿದ್ದು 2003ರ ಫೆಬ್ರವರಿಯಲ್ಲಿ. ಬೀಜಿಂಗ್‌ನ ರೋಗಿಗಳ ಸಂಖ್ಯೆಯನ್ನು ಅಡಗಿಸಲಾಗಿದೆಯೆಂದು ಏಪ್ರಿಲ್‌ನಲ್ಲಿ ಬಹಿರಂಗಪಡಿಸಿದವರು ಜಿಯಾಂಗ್ ಯಾನ್‌ಯಾಂಗ್ ಎಂಬ ಸೇನಾ ವೈದ್ಯರು. ಆ ಬಳಿಕ ಆರೋಗ್ಯ ಸಚಿವರ ತಲೆದಂಡವಾಯಿತು. ಅಷ್ಟರಲ್ಲಿ ರೋಗ ಗಡಿಗಳನ್ನು ದಾಟಿಯಾಗಿತ್ತು. ಎಂಟು ಸಾವಿರಕ್ಕೂ ಹೆಚ್ಚು ಮಂದಿ ಪೀಡಿತರಾಗಿ 774 ಮಂದಿ ಸತ್ತರು. ಕಳೆದುಹೋದ ಆ ತಿಂಗಳುಗಳಿಗೆ ಬೆಲೆ ತೆತ್ತವರು ಮುಚ್ಚಿಟ್ಟ ಅಧಿಕಾರಿಗಳಲ್ಲ, ದಾದಿಯರು, ವೈದ್ಯರು ಮತ್ತು ಜನಸಾಮಾನ್ಯರು.

ಇದಕ್ಕೆ ತದ್ವಿರುದ್ಧವಾದ ದೃಷ್ಟಾಂತ ನಮ್ಮ ನೆರೆಯಲ್ಲೇ ಇದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್‌ನ ಒಂದೇ ಕುಟುಂಬದಲ್ಲಿ ಸಾವು ಮತ್ತು ವಿಚಿತ್ರ ಜ್ವರ ಕಂಡಾಗ ವೈದ್ಯರು ಸಂಶಯಪಟ್ಟು ಮಾದರಿಯನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ನಿಪಾ ಎಂದು ಅಲ್ಲಿ ಗೊತ್ತಾಯಿತು, ಪುಣೆಯ ಪ್ರಯೋಗಾಲಯ ದೃಢಪಡಿಸಿತು, ಕೇರಳ ಸರಕಾರ ಬಹಿರಂಗವಾಗಿ ಹೇಳಿತು. 17 ಜೀವಗಳು ಹೋದವು. ಆದರೆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಬೇಗನೆ ಪತ್ತೆ ಹಚ್ಚಿದ್ದರಿಂದ ಕೆಲವೇ ವಾರಗಳಲ್ಲಿ ರೋಗ ಹತೋಟಿಗೆ ಬಂತು. ಈ ಪ್ರಾಮಾಣಿಕತೆಗೆ ಸಿಕ್ಕ ಪ್ರತಿಫಲವಾದರೋ ಯುಎಇ, ಸೌದಿ ಅರೇಬಿಯಾ ಮೊದಲಾದ ಕೊಲ್ಲಿ ರಾಷ್ಟ್ರಗಳು ಕೇರಳದ ಹಣ್ಣು-ತರಕಾರಿಗಳ ಮೇಲೆ ಹೇರಿದ ನಿಷೇಧ! ಪಾಶ್ಚಾತ್ಯರನ್ನು ಟೀಕಿಸುವ ನಾವು ಇದನ್ನೂ ಹೇಳದಿದ್ದರೆ ನ್ಯಾಯವಾಗದು.

ಇನ್ನೊಂದು ಮುಖವೂ ಇದೆ. ಹಕ್ಕಿಜ್ವರದಿಂದ ತತ್ತರಿಸಿದ್ದ ಇಂಡೋನೇಷ್ಯಾ 2007ರಲ್ಲಿ ವೈರಸ್ ಮಾದರಿಗಳನ್ನು ಹಂಚಲು ನಿರಾಕರಿಸಿತು. ನಾವು ಕೊಟ್ಟ ವೈರಸ್‌ನಿಂದ ಶ್ರೀಮಂತ ದೇಶಗಳ ಕಂಪೆನಿಗಳು ಲಸಿಕೆ ತಯಾರಿಸುತ್ತವೆ, ಅದನ್ನು ಕೊಳ್ಳುವ ಶಕ್ತಿ ನಮ್ಮ ಜನರಿಗಿಲ್ಲ ಎಂಬುದು ಅಂದಿನ ಆರೋಗ್ಯ ಸಚಿವೆ ಸಿತಿ ಫದಿಲಾ ಸುಪಾರಿಯವರ ವಾದವಾಗಿತ್ತು. ಮಾದರಿ ತಡೆಹಿಡಿಯುವುದು ಅಪಾಯಕಾರಿ ಹೆಜ್ಜೆ. ಆದರೆ ಅವರೆತ್ತಿದ ಪ್ರಶ್ನೆ ಸರಿಯಾಗಿತ್ತು. ಅದರ ಫಲವಾಗಿ 2011ರಲ್ಲಿ ಇನ್‌ಫ್ಲುಯೆಂಜಾ ವೈರಸ್ ಮತ್ತು ಲಸಿಕೆಯ ಹಂಚಿಕೆಗೆ ಒಂದು ಒಡಂಬಡಿಕೆ ಬಂತು. 2025ರ ಮೇ 20ರಂದು ಜಿನೀವಾದಲ್ಲಿ ಸಾಂಕ್ರಾಮಿಕ ಒಪ್ಪಂದ ಅಂಗೀಕಾರವಾದಾಗಲೂ ಇದೇ ಹಂಚಿಕೆಯ ವಿಷಯವನ್ನು ಪ್ರತ್ಯೇಕ ಅನುಬಂಧಕ್ಕೆ ಬಿಡಬೇಕಾಯಿತು. ಆ ವರ್ಷದ ಜನವರಿಯಲ್ಲೇ ಅಮೆರಿಕದ ಅಧ್ಯಕ್ಷರು ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರನಡೆಯುವ ಆದೇಶಕ್ಕೆ ಸಹಿ ಹಾಕಿದ್ದರು. ಬಡ ದೇಶಗಳಿಂದ ಸುದ್ದಿ ಬೇಕು, ಅವರೊಂದಿಗೆ ಮದ್ದು ಹಂಚಿಕೊಳ್ಳಲು ಮನಸ್ಸಿಲ್ಲ ಎಂಬ ಧೋರಣೆ ಎಷ್ಟು ಕಾಲ ನಡೆದೀತು?

ಸುದ್ದಿ ಮಾಧ್ಯಮಗಳ ಪಾತ್ರವೂ ಇಲ್ಲಿ ಸಣ್ಣದಲ್ಲ. ರೋಗಕ್ಕೆ ಊರಿನ, ಜನಾಂಗದ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸೂಚಿಸಿದೆ. ಆದರೂ 2020ರಲ್ಲಿ ಕೊರೋನಾ 'ಚೀನಾ ವೈರಸ್' ಆಯಿತು. ನಮ್ಮಲ್ಲಂತೂ ನಿಝಾಮುದ್ದೀನ್ ಸಭೆಯ ನೆಪದಲ್ಲಿ ಒಂದು ಇಡೀ ಸಮುದಾಯವೇ ಟಿವಿ ಪರದೆಯ ಮೇಲೆ ಆರೋಪಿಯಾಯಿತು. ಹಣ್ಣು ಮಾರುವ ಬಡವನ ಗಾಡಿಗೂ ಬಹಿಷ್ಕಾರ ಬಂತು. ವಿದೇಶಿ ತಬ್ಲೀಗ್ ಸದಸ್ಯರನ್ನು ಬಲಿಪಶುಗಳನ್ನಾಗಿ ಆರಿಸಿಕೊಂಡಂತೆ ಕಾಣುತ್ತದೆಂದು ಆ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ಹೇಳಿ ಮೊಕದ್ದಮೆಗಳನ್ನು ರದ್ದುಪಡಿಸಿತು. ಆದರೆ ಆರೋಪಕ್ಕೆ ಸಿಕ್ಕ ಪ್ರಚಾರ ತೀರ್ಪಿಗೆ ಸಿಗಲಿಲ್ಲ. ಹೀಗೆ ಅವಮಾನಿಸಿದರೆ ಸೋಂಕಿತನು ತಪಾಸಣೆಗೆ ಮುಂದೆ ಬರುವುದಿಲ್ಲ, ಅಡಗಿಕೊಳ್ಳುತ್ತಾನೆ. ಆಗ ಗೆಲ್ಲುವುದು ರೋಗ ಮಾತ್ರ.

ರಾಷ್ಟ್ರಗಳ ಈ ಕತೆ ನಮ್ಮ ಮನೆಗಳದ್ದೂ ಹೌದು. ಕ್ಷಯರೋಗಿಗಳ ಮಾಹಿತಿಯನ್ನು ಸರಕಾರಕ್ಕೆ ನೀಡುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯವಾಗಿದೆ. ಆದರೆ ಎಷ್ಟು ಕುಟುಂಬಗಳು ಮಗಳ ಮದುವೆ ತಪ್ಪೀತೆಂಬ ಅಂಜಿಕೆಯಿಂದ ಕೆಮ್ಮನ್ನು ಮುಚ್ಚಿಡುವುದಿಲ್ಲ? ಅವರನ್ನು ಹಳಿಯುವ ಮುನ್ನ, ಕಾಯಿಲೆಯ ಸುದ್ದಿ ಕೇಳಿ ಸಂಬಂಧ ಕಡಿದುಕೊಳ್ಳುವ ನಾವು ಯಾರೆಂದು ಕೇಳಿಕೊಳ್ಳಬೇಕು. ವಿಮಾನ ನಿಲ್ಲಿಸುವ ರಾಷ್ಟ್ರಕ್ಕೂ ಸಂಬಂಧ ಮುರಿಯುವ ಬೀಗರಿಗೂ ಏನು ವ್ಯತ್ಯಾಸ?

ಖಲೀಫಾ ಉಮರ್(ರ) ಸಿರಿಯಾದತ್ತ ಹೊರಟಿದ್ದಾಗ ಸರ್ಗ್ ಎಂಬಲ್ಲಿ ಸೇನಾನಾಯಕರು ಅವರನ್ನು ಎದುರುಗೊಂಡು, ಆ ನಾಡಿನಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿಸಿದರು. ಸುದ್ದಿ ತಂದವರ ಮೇಲೆ ಅವರು ಸಿಟ್ಟಾಗಲಿಲ್ಲ. ಹಿರಿಯರೊಂದಿಗೆ ಸಮಾಲೋಚಿಸಿದರು, ರೋಗವಿರುವ ನಾಡಿಗೆ ಹೋಗಬೇಡಿರಿ, ಅಲ್ಲಿರುವವರು ಹೊರಬರಬೇಡಿರಿ ಎಂಬ ಪ್ರವಾದಿ(ಸ) ಬೋಧನೆಯನ್ನು ಕೇಳಿ ಹಿಂದಿರುಗಿದರು. ವರದಿಗೆ ಕಿವಿಗೊಡುವುದೂ ನಾಯಕತ್ವದ ಭಾಗವೆಂದು ಆ ಘಟನೆ ಕಲಿಸುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ರೋಗವನ್ನು ಮೊದಲು ವರದಿ ಮಾಡಿದ ದೇಶಕ್ಕೆ ಪರಿಹಾರ ಮತ್ತು ಲಸಿಕೆಯಲ್ಲಿ ಮೊದಲ ಪಾಲು ಸಿಗಲಿ. ಕಾರಣ ಕೊಡದೆ ಬಾಗಿಲು ಮುಚ್ಚುವವರು ಉತ್ತರಿಸುವಂತಾಗಲಿ. ಮಾಧ್ಯಮಗಳು ಸೋಂಕನ್ನು ವರದಿ ಮಾಡಲಿ, ಸೋಂಕಿತನ ಧರ್ಮವನ್ನಲ್ಲ. ನಮ್ಮ ಮೊಹಲ್ಲಾಗಳಲ್ಲಿ ಕಾಯಿಲೆಯೆಂದು ಹೇಳಿದವನ ಮನೆಗೆ ದೂಷಣೆಯ ಬದಲು ಅನ್ನವೂ ಔಷಧಿಯೂ ತಲುಪಲಿ. ಸತ್ಯ ನುಡಿದವನಿಗೆ ರಕ್ಷಣೆಯಿದ್ದರೆ ಮಾತ್ರ ರೋಗದ ಸುದ್ದಿ ರೋಗಕ್ಕಿಂತ ಮೊದಲು ನಮ್ಮ ಮನೆ ಬಾಗಿಲಿಗೆ ಬಂದೀತು.