ಪಂಚಾಯಿತಿಗಳಿಗೆ ವರ್ತುಲಜಾಲ

ಪಹಣಿಗಾಗಿ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರಕ್ಕೆ ಬಂದ ರೈತನು ‘ಸರ್ವರ್ ಇಲ್ಲ’ ಎಂಬ ಉತ್ತರವನ್ನು ಕೇಳಿ, ಒಂದು ದಿನದ ಕೆಲಸವನ್ನು ಕೆಡಿಸಿಕೊಂಡು ಬರಿಗೈಯಿಂದ ಹಿಂದಿರುಗುವ ಪ್ರಸಂಗವು ನಮ್ಮ ವಾಚಕರಿಗೆ ಅಪರಿಚಿತವಾದುದಲ್ಲ. ಸರ್ವರೆಂಬ ಯಂತ್ರವು ರಾಜಧಾನಿಯಲ್ಲಿ ಸುಸ್ಥಿತಿಯಲ್ಲಿದ್ದರೂ, ಅಲ್ಲಿಂದ ಹಳ್ಳಿಗೆ ಬರತಕ್ಕ ಕೇಬಲ್ಲು ನಡುದಾರಿಯಲ್ಲಿ ಕಡಿದುಹೋಗಿರುವುದುಂಟು. ಇದು ಕೇಬಲ್ಲಿನ ದೋಷವೋ, ಅದನ್ನು ಹಾಸಿದ ವಿನ್ಯಾಸದ ದೋಷವೋ ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

2023ನೆಯ ಆಗಸ್ಟ್ 4ರಂದು ಕೇಂದ್ರ ಮಂತ್ರಿಮಂಡಲವು ಪರಿಷ್ಕೃತ ಭಾರತ್‌ನೆಟ್ ಯೋಜನೆಗೆ 1,39,579 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಈ ಭಾರಿ ಮೊಬಲಗು ಜನರ ಕಣ್ಣಿಗೆ ಬಿದ್ದಷ್ಟು, 2.64 ಲಕ್ಷ ಗ್ರಾಮ ಪಂಚಾಯಿತಿಗಳನ್ನು ವರ್ತುಲಾಕಾರದಲ್ಲಿ ಜೋಡಿಸತಕ್ಕದ್ದೆಂಬ ಅದರ ನಿಬಂಧನೆಯು ಬೀಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ಯೋಜನೆಯ ಜೀವಾಳವು ಆ ಒಂದು ಮಾತಿನಲ್ಲಿಯೇ ಇದೆ.

2011ನೆಯ ಅಕ್ಟೋಬರಿನಲ್ಲಿ ಮೊದಲ ಯೋಜನೆಯು ಮಂಜೂರಾದಾಗ ಮಿತವ್ಯಯವೇ ಮುಖ್ಯ ದೃಷ್ಟಿಯಾಗಿತ್ತು. ತಾಲ್ಲೂಕು ಕೇಂದ್ರಗಳವರೆಗೆ ಆಗಲೇ ಇದ್ದ ಫೈಬರನ್ನು ಉಪಯೋಗಿಸಿಕೊಂಡು, ಅಲ್ಲಿಂದ ಮುಂದಕ್ಕೆ ಹೊಸ ಫೈಬರನ್ನು ಹಾಸಿ, ಮರದ ಕಾಂಡದಿಂದ ಕೊಂಬೆಗಳು ಒಡೆಯುವಂತೆ ಪಂಚಾಯಿತಿಗಳಿಗೆ ಕವಲುಗಳನ್ನು ಕೊಟ್ಟರು. ಕವಲೊಡೆಯುವ ಸ್ಥಳಗಳಲ್ಲಿ ವಿದ್ಯುತ್ತು ಬೇಕಾಗದುದು ಈ ಪದ್ಧತಿಯ ದೊಡ್ಡ ಗುಣ. ಆದರೆ ಕಾಂಡವನ್ನು ಕಡಿದರೆ ಕೊಂಬೆಗಳೆಲ್ಲ ಒಣಗುವವಷ್ಟೆ! ರಸ್ತೆಯನ್ನು ಅಗಲಮಾಡಲು ಬಂದ ಜೆಸಿಬಿಯ ಒಂದೇ ಪೆಟ್ಟಿಗೆ ಆಚೆಯ ಊರುಗಳೆಲ್ಲವೂ ಕತ್ತಲೆಗೆ ಬೀಳುವವು. 2025ನೆಯ ಆರಂಭಕ್ಕೆ 2.14 ಲಕ್ಷ ಪಂಚಾಯಿತಿಗಳು ‘ಸೇವೆಗೆ ಸಿದ್ಧ’ವಾಗಿದ್ದವೆಂದು ಸರಕಾರದ ಲೆಕ್ಕವು ಹೇಳಿತು. ಸಿದ್ಧವಾಗಿರುವುದು ಬೇರೆ, ಸೇವೆ ಸಲ್ಲುವುದು ಬೇರೆ ಎಂಬುದನ್ನು ಅನುಭವಿಗಳಿಗೆ ಹೇಳಬೇಕಾಗಿಲ್ಲ.

ಈ ಪಾಠವು ಜಗತ್ತಿಗೆ ಹೊಸದಲ್ಲ. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬವರು ರೂಪಿಸಿದ ಈಥರ್ನೆಟ್ಟಿನಲ್ಲಿ ಕಚೇರಿಯ ಗಣಕಯಂತ್ರಗಳೆಲ್ಲ ಒಂದೇ ಕೇಬಲ್ಲಿಗೆ ಜೋತುಬಿದ್ದಿದ್ದವು. ಆ ಕೇಬಲ್ಲು ತುಂಡಾದರೆ ಎಲ್ಲ ಯಂತ್ರಗಳ ಮಾತೂ ನಿಲ್ಲುತ್ತಿತ್ತು. 1990ರ ನಿಯಮದಿಂದ ಪ್ರತಿ ಯಂತ್ರಕ್ಕೂ ನಡುವಿನ ಪೆಟ್ಟಿಗೆಯಿಂದ ಬೇರೆ ಬೇರೆ ತಂತಿಯನ್ನೆಳೆಯುವ ನಕ್ಷತ್ರವಿನ್ಯಾಸವು ರೂಢಿಗೆ ಬಂದಿತು. ಆಗ ಒಬ್ಬನ ತಂತಿ ಕೆಟ್ಟರೆ ಒಬ್ಬನಿಗೇ ತೊಂದರೆ. ಆದರೆ ಮೈಲುಗಟ್ಟಲೆ ದೂರದ ಹಳ್ಳಿಗಳಿಗೆ ಹೀಗೆ ಪ್ರತ್ಯೇಕ ತಂತಿಗಳನ್ನು ಎಳೆಯುವುದು ದುಬಾರಿ. ಆದುದರಿಂದ ತಾಲ್ಲೂಕಿನಿಂದ ಹೊರಟು, ಹಲವು ಪಂಚಾಯಿತಿಗಳನ್ನು ಮುಟ್ಟಿ, ಮತ್ತೆ ತಾಲ್ಲೂಕಿಗೆ ಬಂದು ಸೇರುವ ವರ್ತುಲವೇ ಯುಕ್ತವಾದುದು. ಒಂದು ಕಡೆ ಕಡಿದರೆ ಸಂದೇಶವು ಮತ್ತೊಂದು ಕಡೆಯಿಂದ ಸುತ್ತಿ ಬರುವುದು.

ಆದರೆ ವರ್ತುಲವಾದೊಡನೆ ನಿಯಮವೂ ಬೇಕು. ಈಥರ್ನೆಟ್ಟಿನ ಸಂದೇಶವು ಕೊನೆಯಿಲ್ಲದ ಸುತ್ತುದಾರಿಗೆ ಸಿಕ್ಕಿಕೊಂಡರೆ ಸುತ್ತುತ್ತಲೇ ಇದ್ದು ಜಾಲವನ್ನೇ ಉಸಿರುಗಟ್ಟಿಸುವುದು. ಅದಕ್ಕಾಗಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.8032 ಎಂಬ ನಿಯಮವು ಸುತ್ತಿನ ಒಂದು ಕೊಂಡಿಯನ್ನು ಮುಚ್ಚಿಟ್ಟಿದ್ದು, ಬೇರೆಡೆ ಕಡಿದಾಗ ಮಾತ್ರ ತೆರೆಯುವುದು. ಈ ಕಾರ್ಯವು ಒಂದು ಸೆಕೆಂಡಿನ 20ರಲ್ಲೊಂದು ಪಾಲಿನೊಳಗೆ ಮುಗಿಯಬೇಕೆಂಬುದು ಅದರ ಗುರಿ. ನೂತನ ಭಾರತ್‌ನೆಟ್ಟಿನಲ್ಲಿ ತಾಲ್ಲೂಕು ಹಾಗೂ ಪಂಚಾಯಿತಿಗಳ ರೂಟರುಗಳು ಐ.ಪಿ.-ಎಂ.ಪಿ.ಎಲ್.ಎಸ್. ಎಂಬ ಪದ್ಧತಿಯಂತೆ ನಡೆಯತಕ್ಕವು. ಅದೂ ಯಾವುದೊಂದು ಕಂಪನಿಯ ಸೊತ್ತಲ್ಲ. ಬಹಿರಂಗವಾಗಿ ಪ್ರಕಟವಾದ ನಿಯಮವೇ ಆಗಿದೆ.

ನಿಯಮಗಳು ಬಹಿರಂಗವಾಗಿರುವುದರಲ್ಲಿ ರಾಷ್ಟ್ರದ ಹಿತವು ಅಡಗಿದೆ. ಯಂತ್ರಗಳು ಒಂದೇ ಕಂಪನಿಯ ಗುಟ್ಟಿನ ಭಾಷೆಯನ್ನು ಆಡತೊಡಗಿದರೆ ಕೊಂಡವನು ಅವನಿಗೇ ಶಾಶ್ವತ ಗಿರಾಕಿಯಾಗಬೇಕಾದೀತು. 1984ರಲ್ಲಿ ಸ್ಥಾಪಿತವಾದ ನಮ್ಮ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸಕ್ಕೆ ತೊಡಗಿದ್ದು ನಮ್ಮ ಕಿತ್ತೂರಿನಲ್ಲಿಯೇ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಭಾರತ್‌ನೆಟ್ಟಿನ ಮೊದಲ ಹಂತಕ್ಕೆ ಬೇಕಾದ ಜಿಪಾನ್ ಯಂತ್ರಗಳನ್ನೂ ಅದೇ ಸಂಸ್ಥೆ ರೂಪಿಸಿತು. ನಿಯಮವು ಎಲ್ಲರಿಗೂ ತೆರೆದಿದ್ದುದರಿಂದಲೇ ಇದು ಸಾಧ್ಯವಾಯಿತು. ಸ್ವದೇಶಿಯೆಂದರೆ ಲೋಕಕ್ಕೆ ಬಾಗಿಲು ಮುಚ್ಚಿಕೊಳ್ಳುವುದಲ್ಲ. ಲೋಕದ ನಿಯಮವನ್ನರಿತು, ಯಂತ್ರವನ್ನು ನಾವೇ ಮಾಡುವುದು.

ಇಷ್ಟಾದರೂ ನಮಗೊಂದು ಭಯವಿದೆ. ಕಾಗದದ ಮೇಲಿನ ವರ್ತುಲವು ನೆಲದಲ್ಲಿ ವರ್ತುಲವಾಗಿರಲೇಬೇಕೆಂದೇನೂ ಇಲ್ಲ. ಹೋಗುವ ಫೈಬರನ್ನೂ ಬರುವ ಫೈಬರನ್ನೂ ಖರ್ಚುಳಿಸಲು ಒಂದೇ ಕಾಲುವೆಯಲ್ಲಿ ಹೂಳಿದರೆ ನಕಾಶೆಯಲ್ಲಿ ಅದು ಸುತ್ತಾಗಿ ಕಂಡೀತು. ಜೆಸಿಬಿಗೆ ಮಾತ್ರ ಒಂದೇ ಪೆಟ್ಟಿನ ಕೆಲಸ. ಎರಡು ದಾರಿಗಳಿಗೆ ಹಣ ತೆತ್ತು ಒಂದನ್ನು ಪಡೆದಂತಾಗುವುದು. ಆದುದರಿಂದ ಎರಡು ಭುಜಗಳೂ ಬೇರೆ ಬೇರೆ ರಸ್ತೆಗಳಲ್ಲಿ ಸಾಗಿವೆಯೇ ಎಂಬುದನ್ನು ಅಧಿಕಾರಿಗಳು ಸ್ಥಳದಲ್ಲಿಯೇ ಪರೀಕ್ಷಿಸಿದ ಹೊರತು ಕಂತ್ರಾಟುದಾರರ ಬಿಲ್ಲನ್ನು ಪಾಸುಮಾಡಕೂಡದು. ಒಂದು ಕಡೆಯ ಫೈಬರನ್ನು ಬೇಕೆಂದೇ ಬೇರ್ಪಡಿಸಿ, ಪಂಚಾಯಿತಿಯ ಕೆಲಸವು ನಿಲ್ಲದೆ ಸಾಗುವುದೋ ಎಂದು ಪಂಚರ ಎದುರಿನಲ್ಲಿ ತೋರಿಸುವುದು ಕಷ್ಟವೇನಲ್ಲ. ಜಾಲದ ನಕಾಶೆಯು ಪಂಚಾಯಿತಿಯ ಗೋಡೆಯ ಮೇಲಿದ್ದರೆ ರಸ್ತೆ ಅಗೆಯುವವರಿಗೂ ಎಚ್ಚರಿಕೆಯಾದೀತು.

ಈ ಯೋಜನೆಯಲ್ಲಿ 10 ವರುಷಗಳ ನಿರ್ವಹಣೆಯನ್ನೂ ಸೇರಿಸಿರುವುದು ಮೆಚ್ಚತಕ್ಕದ್ದು. ಆದರೆ ಎಷ್ಟು ಕಿಲೋಮೀಟರು ಹಾಸಿದೆವೆಂಬ ಲೆಕ್ಕಕ್ಕಿಂತ ತಿಂಗಳಲ್ಲಿ ಎಷ್ಟು ಗಂಟೆ ಜಾಲವು ನಡೆಯಿತೆಂಬ ಲೆಕ್ಕವೇ ಪ್ರಜೆಗೆ ಬೇಕು. ಅದು ತಾಲ್ಲೂಕುವಾರು ಪ್ರಕಟವಾಗಲಿ. ನಮ್ಮ ರಾಜ್ಯದ ಸುಮಾರು 6,000 ಪಂಚಾಯಿತಿಗಳೇ ಸಾಮಾನ್ಯ ರೈತನಿಗೆ ಸರಕಾರದ ಹೆಬ್ಬಾಗಿಲು. ಆ ಬಾಗಿಲು ಒಂದೇ ದಾರದಲ್ಲಿ ತೂಗುತ್ತಿರುವವರೆಗೆ ಗ್ರಾಮಸ್ವರಾಜ್ಯವೆಂಬುದು ಭಾಷಣದ ಮಾತಾಗಿಯೇ ಉಳಿಯುವುದು.